ಪೋಲಮ್ಮ ಹೇಳಿಕೊಡದ ಪದ

ತೆಲುಗು ಸೀಮೆಯ ಬ್ರಹ್ಮಸಮುದ್ರದಿಂದ ಕನ್ನಡದ ಗಡಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು, ಆ ಊರಿಗೊಂದು ಸಣ್ಣ ಕನ್ನಡ ಶಾಲೆ. ಆ ಶಾಲೆಗೆ ಮೇಷ್ಟರುಗಳು ಬಂದರು, ಹೋದರು. ಪುಸ್ತಕಗಳು ಎರಡು ಸಲ ಬದಲಾದವು. ಹಂಚು ಹೋಗಿ ಸಿಮೆಂಟಿನ ಮಾಳಿಗೆ ಬಂತು. ಬದಲಾಗದೆ ಉಳಿದವಳು ಅಡಿಗೆಯ ಪೋಲಮ್ಮ ಒಬ್ಬಳೇ. ಹತ್ತೊಂಬತ್ತು ವರ್ಷದಿಂದ ಅವಳು ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಿದ್ದಳು. ಅಡಿಗೆಕೋಣೆಗೂ ಒಂದು, ಎರಡನೇ ತರಗತಿ ಕೂರುವ ಕೋಣೆಗೂ ನಡುವೆ ಇದ್ದದ್ದು ಮೋಟು ಗೋಡೆ. ಬೇಳೆ ಬೇಯುವಷ್ಟರಲ್ಲಿ ಪಾಠವೂ ಕಿವಿಗೆ ಬಿದ್ದು, ಇಡೀ ಪುಸ್ತಕ ಅವಳ ನಾಲಿಗೆಯ ಮೇಲೆ ಕೂತುಬಿಟ್ಟಿತ್ತು. ಒಂದಕ್ಷರ ಓದಲು ಬಾರದು, ಒಪ್ಪಿಸಲು ಕೂತರೆ ಒಂದಕ್ಷರ ತಪ್ಪದು.

ಮಕ್ಕಳು ಓದುತ್ತಾ ಎಲ್ಲಾದರೂ ತಡವರಿಸಿದರೆ ಗೋಡೆಯ ಆಚೆಯಿಂದ ಪೋಲಮ್ಮನ ದನಿ ಬರುತ್ತಿತ್ತು. “ರಮಣ ಬಂದ ಆದ್ಮ್ಯಾಲೆ ಬಾಳೆಹಣ್ಣು ತಂದ ಕಣ್ಲಾ! ಮಂಗ ಆಮ್ಯಾಕೆ ಬತ್ತದೆ!” ಮಕ್ಕಳು ಸರಿಪಡಿಸಿಕೊಂಡು ಮುಂದೆ ಓಡುತ್ತಿದ್ದರು. ಊಟದ ಹೊತ್ತಿಗೆ ತಟ್ಟೆ ಹಿಡಿದು ಸಾಲು ನಿಂತಾಗಲೂ ಅವಳದೊಂದು ಕಟ್ಟಳೆ ಇತ್ತು: ಒಂದು ಪುಟ ತಡೆಯದೆ ಒಪ್ಪಿಸಿದವರಿಗೆ ಮೊದಲು ಕೋಡಿಗುಡ್ಡು. ಮೊಟ್ಟೆಯ ಆಸೆಗೆ ಮಕ್ಕಳು ಪುಸ್ತಕವನ್ನೇ ನುಂಗಿ ನೀರು ಕುಡಿದಿದ್ದರು. ಮೇಷ್ಟರಿಗೂ ಅದು ಅನುಕೂಲವೇ ಆಗಿತ್ತು. ಕಲ್ಯಾಣದುರ್ಗದಲ್ಲಿ ಏನಾದರೂ ಕೆಲಸವಿದ್ದರೆ ತರಗತಿಯನ್ನು ಪೋಲಮ್ಮನ ಕಿವಿಗೆ ಒಪ್ಪಿಸಿ ಬಸ್ಸು ಹತ್ತುತ್ತಿದ್ದರು.

ಹೀಗೆ ತಯಾರಾದ ಮಕ್ಕಳಲ್ಲೆಲ್ಲ ಮುಂದಿದ್ದವಳು ಪೋಲಮ್ಮನ ಮೊಮ್ಮಗಳು ಶಿರೀಷಾ. ಎರಡನೇ ತರಗತಿ, ಏಳು ವರ್ಷ. ತಾಯಿ ಬನಶಂಕರಿ ಕೂಲಿಯಿಂದ ಬರುವುದು ಸಂಜೆಗೆ, ತಂದೆ ಧರ್ಮೇಂದ್ರ ಕಂಬದೂರಿನ ದಾರಿಯಲ್ಲಿ ಆಟೋ ಓಡಿಸುವವನು, ಆದ್ದರಿಂದ ಮಗು ಬೆಳೆದದ್ದೆಲ್ಲ ಅಜ್ಜಿಯ ಸೆರಗಿನಲ್ಲೇ. ಬೆರಳಿಟ್ಟುಕೊಂಡು ಅವಳು ಓದುತ್ತಿದ್ದರೆ ಕೇಳಿದವರು ತಲೆದೂಗಬೇಕು. ಮಗು ಮೇಷ್ಟ್ರಮ್ಮ ಆಗುವುದು ಖಂಡಿತ ಎಂದು ಪೋಲಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆ ಹೆಮ್ಮೆಗೆ ಕಲ್ಲು ಬಿದ್ದದ್ದು ಒಂದು ಮದುವೆ ಕಾಗದದಿಂದ.

ಪೋಲಮ್ಮನ ತಮ್ಮ ನಾರಪ್ಪ ಹಿಂದೂಪುರದ ಹುಣಿಸೆ ಮಂಡಿಯಲ್ಲಿ ಕೆಲಸಕ್ಕಿದ್ದವನು. ಮಗಳು ಅನಿತಾಳ ಮದುವೆ ಗೊತ್ತಾಗಿತ್ತು. ಇನ್ನೂ ಎರಡು ತಿಂಗಳಿದ್ದರೂ, ಮೊದಲ ಕಾಗದ ಅಕ್ಕನ ಕೈಗೇ ಕೊಡಬೇಕೆಂದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿಕೊಂಡು ಅಷ್ಟು ದೂರದಿಂದ ಬಂದಿದ್ದ. ಕಾಗದದ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದು ಮಗ್ಗುಲಲ್ಲಿ ತೆಲುಗು. ಧರ್ಮೇಂದ್ರ ಓದಿದ್ದು ತೆಲುಗು ಮೀಡಿಯಂ. ಕನ್ನಡದ ಕಡೆ ತಿರುಗಿಸಿ ಮಗಳ ಕೈಗಿಟ್ಟು, “ಅನಿತಾ ಚಿಕ್ಕಮ್ಮನ ಹೆಸ್ರು ಎಲ್ಲೈತೆ ಓದಮ್ಮ, ತಾತ ಕೇಳ್ಲಿ” ಅಂದ.

ಶಿರೀಷಾ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ದನಿ ಎತ್ತಿ ಓದಿದಳು: “ರಮಣ ಬಂದ. ಬಾಳೆಹಣ್ಣು ತಂದ. ಮಂಗ ಬಂತು. ಹಣ್ಣು ಕಿತ್ತುಕೊಂಡು ಮರ ಹತ್ತಿತು.”

ನಾರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಕ್ಕಾ, ನನ್ ಅಳಿಯ ಆಗೋನ್ನ ಮಂಗ ಮಾಡ್ಬುಟ್ಳು ನಿನ್ ಮೊಮ್ಮಗಳು!” ಎಂದ. ಧರ್ಮೇಂದ್ರ ನಗಲಿಲ್ಲ. ಇನ್ನೊಂದು ಸಾಲು ತೋರಿಸಿದ. ಮಗು ಎರಡನೇ ಪುಟ ಒಪ್ಪಿಸಿತು. ಮೂರನೆಯದನ್ನು ತೋರಿಸುವಷ್ಟರಲ್ಲಿ ಅದಕ್ಕೂ ಏನೋ ತಪ್ಪಾಗಿದೆಯೆಂದು ತಿಳಿದು ಕಣ್ಣು ತುಂಬಿಕೊಂಡಿತು.

ನಾರಪ್ಪ ಹೋದ ಮೇಲೆ ಧರ್ಮೇಂದ್ರ ತಾಯಿಯ ಮುಂದೆ ಬಂದು ಕೂತ. “ಎರಡನೇ ಕ್ಲಾಸು. ಹೆಸ್ರು ಓದಕ್ಕೆ ಬರಲ್ಲ. ಕಲ್ಯಾಣದುರ್ಗದಾಗೆ ಹಾಸ್ಟೆಲ್ ಇರೋ ಸ್ಕೂಲೈತೆ, ಅಲ್ಲಿಗೆ ಸೇರಿಸ್ಬುಡ್ತೀನಿ ಅವ್ವ. ಮದುವೆಗಂಟ ನೋಡ್ತೀನಿ. ಅಷ್ಟರಾಗೆ ಓದ್ಲಿಲ್ಲ ಅಂದ್ರೆ, ವಾಪಸ್ ಬರೋವಾಗ ಅಲ್ಲೇ ಬಿಟ್ಟು ಬತ್ತೀನಿ,” ಅಂದ. ಮುಂಗೋಪಿಯಲ್ಲ ಅವನು, ಮೆಲ್ಲಗೆ ಹೇಳಿದ್ದನ್ನು ಮಾಡಿಯೇ ತೀರುವವನು. ಏಳು ವರ್ಷದ ಮಗು, ರಾತ್ರಿ ಅಜ್ಜಿಯ ಸೆರಗಿನ ಚುಂಗು ಹಿಡಿಯದೆ ಮಲಗದ ಮಗು, ಕಬ್ಬಿಣದ ಮಂಚದ ಮೇಲೆ ಒಂಟಿಯಾಗಿ ಮಲಗುವುದನ್ನು ನೆನೆದು ಪೋಲಮ್ಮ ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಮಾರನೆಯ ದಿನ ಒಲೆ ಹಚ್ಚುವುದಕ್ಕೂ ಮೊದಲೇ ಅವಳು ಟೀಚರ್ ಪದ್ಮಲತಾಳ ಮುಂದೆ ಹೋಗಿ ನಿಂತಳು. ಪದ್ಮಲತಾ ಬಂದು ತಿಂಗಳೂ ಆಗಿರಲಿಲ್ಲ. ಹಿಂದೂಪುರದವಳು, ಕಲ್ಯಾಣದುರ್ಗದಲ್ಲಿ ರೂಮು ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು.

“ಏನಮ್ಮಾ ಟೀಚರಮ್ಮ, ನೀನು ಬಂದ್ಮ್ಯಾಲೆ ನನ್ ಮಗೂಗೆ ಓದೋದೇ ಮರ್ತೋಯ್ತಲ್ಲ! ಮದ್ಲು ಎಂಗೆ ಓದ್ತಿತ್ತು, ನೀಳ್ಳು ತಾಗಿನಟ್ಟು, ನೀರು ಕುಡ್ದಂಗೆ ಓದ್ತಿತ್ತು!”

ಪದ್ಮಲತಾ ಜಗಳಕ್ಕೆ ನಿಲ್ಲಲಿಲ್ಲ. ಶಿರೀಷಾಳನ್ನು ಕರೆದು ಪುಸ್ತಕ ಕೊಟ್ಟಳು. ಮಗು ಓದತೊಡಗಿದಾಗ ಮೆಲ್ಲಗೆ ಪುಸ್ತಕವನ್ನು ತಲೆಕೆಳಗು ತಿರುಗಿಸಿ ಹಿಡಿದಳು. ಶಿರೀಷಾಳ ಬೆರಳು ತಲೆಕೆಳಗಾದ ಸಾಲುಗಳ ಮೇಲೆ ಹಾಗೇ ಸರಿಯಿತು. ರಮಣ ಬಂದ, ಬಾಳೆಹಣ್ಣು ತಂದ. ಮಂಗ ಎಂದಿನಂತೆ ಮರ ಹತ್ತಿತು.

ಪೋಲಮ್ಮನಿಗೆ ಅಕ್ಷರ ಬಾರದಿದ್ದರೂ ಚಿತ್ರದ ಮಂಗ ತಲೆಕೆಳಗಾಗಿ ನೇತಾಡುವುದು ಕಾಣದೇ? ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಅಂಗಾರೆ ಇಷ್ಟು ವರ್ಷದಿಂದ ನಾನು...” ಎಂದಳು.

“ನೀವು ಬಾಯಿಪಾಠ ಕೊಟ್ಟಿದ್ದೀರಿ ಪೋಲಮ್ಮ, ಅದೇನೂ ಸಣ್ಣದಲ್ಲ. ಮಕ್ಕಳಿಗೆ ಅಕ್ಷರದ ಸದ್ದೂ ಗೊತ್ತು. ಆದ್ರೆ ಒಂದಕ್ಕೊಂದು ಸೇರಿದ್ರೆ ಪದ ಆಗುತ್ತೆ ಅನ್ನೋದು ಗೊತ್ತಿಲ್ಲ. ಅದೊಂದು ಮೆಟ್ಟಿಲು ಬಿಟ್ಟುಹೋಗಿದೆ,” ಎಂದಳು ಪದ್ಮಲತಾ. ಪೋಲಮ್ಮ ಮಗನ ಗಡುವು ಹೇಳಿದಾಗ, “ಎರಡು ತಿಂಗಳಿದೆಯಲ್ಲ, ಹತ್ತಿಸೋಣ,” ಅಂದಳು.

ಹತ್ತಿಸುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಪದ್ಮಲತಾ ಹಳೆಯ ಮದುವೆ ಕಾಗದಗಳನ್ನು ಊರಲ್ಲೆಲ್ಲ ಬೇಡಿ ತಂದು, ಚೌಕ ಚೌಕವಾಗಿ ಕತ್ತರಿಸಿ, ಬಿಳಿಯ ಬೆನ್ನಿಗೆ ಒಂದೊಂದೇ ಅಕ್ಷರ ಬರೆದಳು. ಮ, ರ ಎರಡನ್ನು ಮುಂದಿಟ್ಟರೆ ಶಿರೀಷಾ, “ಮ ಮಂಗ, ರ ರಮಣ” ಅನ್ನುತ್ತಿದ್ದಳು.

“ಮಂಗ ಆಡ್ಕೊಳ್ಲಿ ಬಿಡು. ರಮಣನ್ನೂ ಮನೆಗೆ ಕಳಿಸು. ಬರೀ ಸದ್ದು ಹೇಳು.”

“ಮ.” ಮಗು ಉಗುಳು ನುಂಗಿಕೊಂಡಿತು. “ರ.”

“ಏನಾಯ್ತು?”

“ಮ. ರ.”

ಗೋಡೆಯ ಆಚೆ ಸಾರು ತಿರುವುತ್ತಿದ್ದ ಪೋಲಮ್ಮನಿಗೆ ಜೀವ ಚಡಪಡಿಸುತ್ತಿತ್ತು. ಮರ ಅನ್ನೇ, ಮರ ಅನ್ನೇ ಎಂದು ತುಟಿಗೆ ಬಂದದ್ದನ್ನು ಎಷ್ಟು ಸಲ ನುಂಗುವುದು? ಮೂರನೆಯ ದಿನ ಸೌಟು ಹಿಡಿದೇ ತರಗತಿಗೆ ನುಗ್ಗಿದಳು. “ನೋಡೇ, ಒಂದ್ಕಡೆ ನೀರು, ಒಂದ್ಕಡೆ ಹಿಟ್ಟು ಇಟ್ಟು ಸುಮ್ನೆ ಕೂತ್ರೆ ಮುದ್ದೆ ಆಯ್ತದೇನೇ? ನಡುವೆ ನಿಲ್ಲಿಸ್ಬ್ಯಾಡ. ತಿರುವು!”

ಪದ್ಮಲತಾ ನಕ್ಕುಬಿಟ್ಟಳು. ಆಮೇಲೆ ಮಗುವಿನ ಬೆರಳನ್ನು ಮ ಮೇಲಿಟ್ಟು, ಎತ್ತಗೊಡದೆ ರ ತನಕ ಎಳೆದುಕೊಂಡು ಹೋದಳು. “ಉಸಿರು ಬಿಡ್ಬೇಡ. ಅಜ್ಜಿ ಹೇಳಿದ ಹಾಗೆ ತಿರುವು.”

“ಮ...ರ. ಮರ.” ಹೇಳಿದವಳು ಗಕ್ಕನೆ ನಿಂತು, ಕಿಟಕಿಯ ಆಚೆಗಿದ್ದ ಬೇವಿನ ಮರವನ್ನು ನೋಡಿದಳು. ನೋಡಿ ಚೌಕಗಳನ್ನು ನೋಡಿದಳು. ಅದು ಇದೇ ಎಂದು ತಿಳಿದದ್ದು ಅವಳ ಮುಖದಲ್ಲೇ ಕಾಣುತ್ತಿತ್ತು.

ಅವತ್ತಿನಿಂದ ಆ ಶಾಲೆಯಲ್ಲಿ ಅಕ್ಷರ ಕೂಡಿಸುವುದಕ್ಕೆ ‘ತಿರುವೋದು’ ಎಂದೇ ಹೆಸರಾಯಿತು. ಸರ, ಬಲ, ಹಗಲು, ಎಲೆ, ಗಿಣಿ ಎಂದು ಮಕ್ಕಳು ತಿರುವತೊಡಗಿದರು. ಆದರೆ ಶಿರೀಷಾ ಎಲ್ಲರಿಗಿಂತ ನಿಧಾನ. ಬಾಯಿಪಾಠದಲ್ಲಿ ಮುಂದಿದ್ದವಳಿಗೆ ಓದಿನಲ್ಲಿ ಹಿಂದೆ ಬಿದ್ದದ್ದು ಅವಮಾನವಾಗಿ, ಎರಡಕ್ಷರ ಕಂಡ ಕೂಡಲೇ ಏನೋ ಒಂದು ಊಹಿಸಿ ಹೇಳಿ ಅಜ್ಜಿಯ ಮುಖ ನೋಡುತ್ತಿದ್ದಳು. ತಿಂಗಳು ಕಳೆಯಿತು. ಪೋಲಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು.

ಪದ್ಮಲತಾ ಮನೆಯಲ್ಲಿ ಓದಲೆಂದು ಪದಕ್ಕೊಂದರಂತೆ ಹನ್ನೆರಡು ಚೀಟಿ ಕೊಟ್ಟು ಕಳಿಸಿದ್ದಳು. ಪೋಲಮ್ಮ ಐದನೇ ತರಗತಿಯ ಹುಡುಗಿಯೊಬ್ಬಳನ್ನು ಅಡಿಗೆಕೋಣೆಗೆ ಕರೆದು, ಎರಡು ಕೋಡಿಗುಡ್ಡು ಕೊಟ್ಟು, ಹನ್ನೆರಡನ್ನೂ ಓದಿಸಿಕೊಂಡಳು. ಅರಿಶಿನದ ಬೆರಳಿನಿಂದ ಒಂದರ ಮೂಲೆಗೆ ಬೊಟ್ಟು, ಇನ್ನೊಂದರ ನಡುವೆ ಗೀಟು, ಮತ್ತೊಂದಕ್ಕೆ ಎರಡು ಬೊಟ್ಟು ಇಟ್ಟಳು. ಸಂಜೆ ಹಿತ್ತಲಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಒಪ್ಪಿಸುವಂತೆ ಮಾಡಿದಳು. ಇದರಲ್ಲಿ ಮೋಸ ಅನ್ನುವುದು ಅವಳ ಮನಸ್ಸಿಗೆ ಹೊಳೆದಿರಲೇ ಇಲ್ಲ. ಹುಡುಗಿ ಹಾಸ್ಟೆಲಿಗೆ ಹೋಗಬಾರದು, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಭಾನುವಾರ ಧರ್ಮೇಂದ್ರನ ಮುಂದೆ ಶಿರೀಷಾ ಹನ್ನೆರಡು ಚೀಟಿಯನ್ನೂ ಪಟಪಟನೆ ಓದಿದಳು. ಅವನ ಮುಖ ಅರಳಿತು. ಕಲೆಸಿ ಕೊಟ್ಟ. ಮತ್ತೆ ಓದಿದಳು. “ಶಭಾಷ್!” ಎಂದು ಒಂದು ಚೀಟಿ ಎತ್ತಿ ಮುದ್ದಿನಿಂದ ನೋಡಿದವನಿಗೆ ಮೂಲೆಯ ಹಳದಿ ಬೊಟ್ಟು ಕಂಡಿತು. ಇನ್ನೊಂದು ಎತ್ತಿದ, ಅದಕ್ಕೊಂದು ಗೀಟು. ಬೊಟ್ಟಿನ ಮೇಲೆ ಹೆಬ್ಬೆರಳು ಮುಚ್ಚಿ ಮಗಳ ಮುಂದೆ ಹಿಡಿದ. ಮಗು ಚೀಟಿ ನೋಡಿತು, ಅಪ್ಪನ ಹೆಬ್ಬೆರಳು ನೋಡಿತು, ಅಜ್ಜಿಯ ಕಡೆ ತಿರುಗಿತು.

“ಅವ್ವಾ,” ಎಂದ ಧರ್ಮೇಂದ್ರ, “ನಿನ್ ಬಾಯಿ ಇದರ ಕಿವಿ ಪಕ್ಕದಾಗೆ ಇರೋಗಂಟ ಇದು ಓದಲ್ಲ. ಇನ್ನು ನೀವಿಬ್ರು ಏನ್ ತೋರ್ಸಿದ್ರೂ ನಾನು ನಂಬಲ್ಲ.” ಸೋಮವಾರ ಹಾಸ್ಟೆಲಿನ ಅರ್ಜಿ ಫಾರಂ ತಂದು ಷರಟಿನ ಜೇಬಿನಲ್ಲಿಟ್ಟುಕೊಂಡ.

ಪೋಲಮ್ಮ ಪದ್ಮಲತಾಳ ಮುಂದೆ ಎಲ್ಲ ಹೇಳಿ ಅತ್ತಳು. ತನ್ನ ಕೈಯಾರೆ ಮಗುವನ್ನು ದೂರ ತಳ್ಳಿದೆನಲ್ಲ ಎಂದು ಹಣೆ ಚಚ್ಚಿಕೊಂಡಳು. ಟೀಚರಿಗೆ ಕೋಪ ಬಂದಿರಬೇಕು, ತೋರಿಸಲಿಲ್ಲ.

“ಅವಳು ತಪ್ಪು ಹೇಳ್ಲಿ, ಬಿಡಿ. ಅರ್ಧ ಗಂಟೆ ಆಗ್ಲಿ ಒಂದು ಪದಕ್ಕೆ. ನೀವು ಹೇಳ್ಕೊಡೋಲ್ಲ ಅಂತ ಅವಳಿಗೆ ಗೊತ್ತಾದ ದಿನ ಅವಳ ಕಣ್ಣು ಅಕ್ಷರದ ಮೇಲೆ ನಿಲ್ಲುತ್ತೆ. ನಿಮ್ಮಿಂದ ನನಗೆ ಬೇಕಾದ ಸಹಾಯ ಒಂದೇ. ಬಾಯಿ ಮುಚ್ಕೊಂಡಿರಬೇಕು.”

ಹತ್ತೊಂಬತ್ತು ವರ್ಷ ತೆರೆದಿದ್ದ ಬಾಯಿ ಮುಚ್ಚುವುದು ಹುಡುಗಾಟವೇ? ಪೋಲಮ್ಮ ಅದಕ್ಕೂ ಒಂದು ಉಪಾಯ ಕಂಡುಕೊಂಡಳು. ಶಿರೀಷಾ ಓದಲು ಕೂತ ಕೂಡಲೇ ನಾಲ್ಕು ಎಲೆ, ಒಂದು ಹಿಡಿ ಅಡಿಕೆ ಬಾಯಿಗೆ ತುರುಕಿಕೊಂಡು ಕೆನ್ನೆ ಉಬ್ಬಿಸಿಕೊಂಡು ಕೂರುತ್ತಿದ್ದಳು. ಮಗು ತಡವರಿಸಿ ಮುಖ ನೋಡಿದರೆ “ಉಂ ಉಂ” ಅನ್ನುವುದಲ್ಲದೆ ಮಾತು ಹೊರಡುವಂತಿರಲಿಲ್ಲ. ಮೊದಲ ವಾರ ಮಗು ಅತ್ತಿತು, ಪುಸ್ತಕ ಎಸೆಯಿತು, “ಅಜ್ಜಿ ಚೆಡ್ಡದಿ, ಕೆಟ್ಟೋಳು” ಎಂದು ತೆಲುಗು ಬೆರೆಸಿ ಬೈಯಿತು. ಪೋಲಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಎಲೆ ಅಗಿದಳು. ಎರಡನೇ ವಾರ ಮಗು ಅವಳ ಮುಖ ನೋಡುವುದನ್ನು ಬಿಟ್ಟಿತು. ಓದುತ್ತಿದೆಯೋ ಇಲ್ಲವೋ ಪೋಲಮ್ಮನಿಗೆ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ, ಅವಳಿಗೆ ಅಕ್ಷರ ಬರಬೇಕಲ್ಲ. ಅಷ್ಟರಲ್ಲಿ ಮದುವೆಗೆ ಹೊರಡುವ ದಿನ ಬಂದೇಬಿಟ್ಟಿತು.

ಸೊಸೆ ಬನಶಂಕರಿ ಎರಡು ದಿನ ಮೊದಲೇ ಹೋಗಿದ್ದಳು. ಉಳಿದ ಮೂವರು ಕಲ್ಯಾಣದುರ್ಗದಿಂದ ಬಸ್ಸು ಹಿಡಿದರು. ಪೋಲಮ್ಮನ ಮಡಿಲಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಒಂದು ತಾಮ್ರದ ಬಿಂದಿಗೆ. ಹೆಣ್ಣಿಗೆ ಸೋದರತ್ತೆ ನೀರಿನ ಬಿಂದಿಗೆ ಕೊಡುವುದು ಅವರ ಕಡೆಯ ಪದ್ಧತಿ. ಈ ಬಿಂದಿಗೆ ಅವಳ ಮದುವೆಯಲ್ಲಿ ತವರಿನಿಂದ ಬಂದದ್ದು. ನಲವತ್ತು ವರ್ಷದಲ್ಲಿ ಪ್ಲಾಸ್ಟಿಕ್ ಕೊಡ ಬಂದು, ಕೊಳಾಯಿ ಬಂದು, ಬಿಂದಿಗೆ ಅಟ್ಟ ಸೇರಿ ಮಸಿಯಂತೆ ಕಪ್ಪಾಗಿತ್ತು. ಧರ್ಮೇಂದ್ರನ ಜೇಬಿನಲ್ಲಿ ಅರ್ಜಿ ಫಾರಂ ಮಡಿಸಿಕೊಂಡು ಕೂತಿತ್ತು. ಬ್ಯಾಗಿನಲ್ಲಿ ಮಗುವಿನ ಬಟ್ಟೆ ಮೂರು ಜೊತೆ ಹೆಚ್ಚಿಗೆ ಇದ್ದದ್ದನ್ನೂ ಪೋಲಮ್ಮ ನೋಡಿದ್ದಳು.

ಹಿಂದೂಪುರದಲ್ಲಿ ನಾರಪ್ಪನ ಮನೆಯಲ್ಲಿ ಹುಣಿಸೆಹಣ್ಣಿಗೇನು ಕೊರತೆ? ಚಪ್ಪರದ ದಿನ ಬೆಳಿಗ್ಗೆ ಪೋಲಮ್ಮ ಹಿತ್ತಲಲ್ಲಿ ಕೂತು, ಹುಣಿಸೆ ಉಪ್ಪು ಹಾಕಿ ಬಿಂದಿಗೆ ಉಜ್ಜತೊಡಗಿದಳು. ಶಿರೀಷಾ ನೀರು ಹೊಯ್ಯುತ್ತಿದ್ದಳು. ಧರ್ಮೇಂದ್ರ ಕಲ್ಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಕಪ್ಪು ಬಿಟ್ಟುಕೊಂಡು ಕೆಂಪು ಮೇಲೆದ್ದಂತೆ, ಬಿಂದಿಗೆಯ ಕುತ್ತಿಗೆಯ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಗೀಟುಗಳು ಕಂಡವು. ಅಂಗಡಿಯವನು ಹಾಕಿದ ಗುರುತು ಎಂದೇ ಪೋಲಮ್ಮ ತಿಳಿದುಕೊಂಡಿದ್ದಳು. ಮೇಲೆ ಇನ್ನೊಂದು ಸಲ ಹುಣಿಸೆ ಹಚ್ಚಲು ಕೈ ಚಾಚಿದಳು.

“ತಡಿ ಅಜ್ಜಿ,” ಎಂದಳು ಶಿರೀಷಾ.

ಚೊಂಬು ಕೆಳಗಿಟ್ಟು, ಒದ್ದೆ ಬೆರಳನ್ನು ಮೊದಲ ಗೀಟಿನ ಮೇಲಿಟ್ಟಳು. ಓದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಮ.”

ಧರ್ಮೇಂದ್ರ ಕಾಫಿ ಲೋಟ ಕೆಳಗಿಟ್ಟು ಹತ್ತಿರ ಬಂದ.

“ಮ...ಗ. ಮಗ...” ಮಗು ನಿಂತಿತು. ಮುಂದಿನ ಅಕ್ಷರದ ತಲೆಯ ಮೇಲೆ ಏನೋ ಇತ್ತು. ಚುಕ್ಕಿಗಳು ಸವೆದಿದ್ದವು. ಮುಖ ತೀರಾ ಹತ್ತಿರ ತಂದು ನೋಡಿತು. ಪೋಲಮ್ಮನ ತುಟಿ ಅಭ್ಯಾಸಬಲದಿಂದ ತಾನೇ ತೆರೆಯಿತು. ಬಾಯಲ್ಲಿ ಎಲೆಯೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ತಡೆಯುವವರು ಯಾರೂ ಇರಲಿಲ್ಲ. ಆದರೆ ಹೇಳಿಕೊಡಲು ಅವಳ ಹತ್ತಿರ ಏನೂ ಇರಲಿಲ್ಲ. ಅಲ್ಲಿ ಏನು ಬರೆದಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ಮ ಗ ಳಿ... ಗೆ.” ಮಗು ಬೆರಳನ್ನು ಹಿಂದಕ್ಕೆ ತಂದು, ಈ ಸಲ ಎತ್ತದೆ, ಮೊದಲಿನಿಂದ ಕೊನೆಯ ತನಕ ಎಳೆಯಿತು. “ಮಗಳಿಗೆ.” ತಲೆಯೆತ್ತಿ, “ಮಗಳಿಗೆ ಅಂತೈತೆ ಅಜ್ಜಿ. ಯಾರ ಮಗಳಿಗೆ?” ಎಂದು ಕೇಳಿತು.

ಧರ್ಮೇಂದ್ರ ಸರಕ್ಕನೆ ತಾಯಿಯ ಕಡೆ ತಿರುಗಿದ. ಅವನ ಕಣ್ಣಿನಲ್ಲಿದ್ದ ಅನುಮಾನ ಪೋಲಮ್ಮನಿಗೆ ತಿಳಿಯಿತು. ಅವಳು ಹುಣಿಸೆ ಕೈಯಲ್ಲೇ ಎದ್ದು ನಿಂತು ಮಗನ ಮುಂದೆ ಬಾಯಿ ಅಗಲಕ್ಕೆ ತೆರೆದು ತೋರಿಸಿದಳು.

“ನೋಡ್ಲಾ! ನೋಡು, ಏನೈತೆ ಬಾಯಾಗೆ? ನನಿಗೆ ಗೊತ್ತಿಲ್ಲ ಕಣ್ಲಾ! ಎಷ್ಟೋ ವರ್ಷ ಇದರಾಗೆ ನೀರು ಹೊತ್ತೆ, ದೇವರಾಣೆ ನನಿಗೆ ಗೊತ್ತಿಲ್ಲ! ನಾನು ಹೇಳ್ಕೊಟ್ಟಿದ್ದಲ್ಲ!” ತನಗೆ ಏನೂ ಗೊತ್ತಿಲ್ಲ ಎಂದು ಅಷ್ಟು ಸಂತೋಷದಿಂದ ಕೂಗಿದವರನ್ನು ಆ ಬೀದಿಯವರು ಮುಂಚೆ ಕಂಡಿರಲಾರರು. ಚಪ್ಪರ ಕಟ್ಟುವವರೂ ಕೆಲಸ ಬಿಟ್ಟು ಇಣುಕಿದರು.

ಕೂಗು ಕೇಳಿ ನಾರಪ್ಪ ಓಡಿಬಂದ. ಬಿಂದಿಗೆ ನೋಡಿ, “ಇದಾ? ನಿನಿಗೆ ಗೊತ್ತಿಲ್ವಾ ಅಕ್ಕ? ಗೊತ್ತೈತೆ ಅನ್ಕೊಂಡಿದ್ನಲ್ಲ,” ಎಂದ. “ಅಪ್ಪನ ಜತೆ ನಾನೂ ಪ್ಯಾಟೆಗೆ ಬಂದಿದ್ದೆ, ಸಣ್ಣವ್ನು. ಏನ್ ಹೆಸ್ರು ಹಾಕ್ಲಿ ಅಂದ ಕೊರೆಯೋನು. ಮಗಳಿಗೆ ಅಂತ ಹಾಕು ಅಂದ ಅಪ್ಪ. ಯಾವ ಮಗಳು, ಹೆಸ್ರು ಹೇಳಯ್ಯ ಅಂದ್ರೆ, ಇರೋದು ಒಬ್ಳೇ ಕಣಪ್ಪ ಅಂದ್ಬುಟ್ಟ.”

ಪೋಲಮ್ಮ ಹಾಗೇ ಕುಕ್ಕರಿಸಿದಳು. ಗಡಿಯ ಕಡೆಯ ಆ ಒಣ ಊರಿಗೆ ಕೊಟ್ಟು ಕೈ ತೊಳೆದುಕೊಂಡ ಎಂದು ಅಪ್ಪನ ಮೇಲೆ ಅವಳಿಗೆ ಒಳಗೊಳಗೇ ಮುನಿಸಿತ್ತು. ಅಪ್ಪ ಮಾತಿನವನಲ್ಲ, ಕಳಿಸಿಕೊಡುವ ದಿನವೂ ಬಿಂದಿಗೆ ಕೈಗಿಟ್ಟು ಸುಮ್ಮನೆ ನಿಂತಿದ್ದ. ಆಡದೆ ಉಳಿದ ಮಾತು ಸೊಂಟದ ಮೇಲೆ ದಿನಾ ಕೂತೇ ಇತ್ತು. ಓದಿ ಹೇಳಲು ಅವಳ ಮೊಮ್ಮಗಳೇ ಹುಟ್ಟಿ ಬರಬೇಕಾಯಿತು. ಪೋಲಮ್ಮ ಬಿಂದಿಗೆಯನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು.

“ಇದು ನಿನ್ ತಾವೇ ಇರ್ಲಿ ಅಕ್ಕ,” ಎಂದ ನಾರಪ್ಪ.

ಅವಳು ಮೂಗೊರೆಸಿಕೊಂಡು ತಲೆಯಾಡಿಸಿದಳು. “ನಂದು ನನಿಗೆ ಸೇರ್ತು ಬಿಡು. ಮಗಳಿಗೆ ಅಂತ ಐತಲ್ಲ, ಅನಿತಾನೂ ಮಗಳೇ. ಕೊಡ್ತೀನಿ.” ಕೊಡುವ ಮೊದಲು ಶಿರೀಷಾಳಿಂದ ಇನ್ನೆರಡು ಸಲ ಓದಿಸಿ ಕೇಳಿದಳು.

ಮದುವೆ ಮುಗಿಯಿತು. ಬನಶಂಕರಿ ಪಾತ್ರೆಪಗಡಿ ತೊಳೆದುಕೊಡಲು ಒಂದು ದಿನ ಉಳಿದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಧರ್ಮೇಂದ್ರ ಹಾಸ್ಟೆಲಿನ ಮಾತೆತ್ತಲಿಲ್ಲ. ಹಾಸ್ಟೆಲಿನ ವಿಚಾರ ಬಿಟ್ಟೆಯೋ ಇಲ್ಲವೋ ಎಂದು ಕೇಳಲು ಪೋಲಮ್ಮನ ನಾಲಿಗೆ ತುರಿಸುತ್ತಿತ್ತು. ಕೇಳಿದರೆ ಕೆಟ್ಟೀತೆಂದು ಮಡಕಶಿರಾದಲ್ಲೇ ನಾಲ್ಕು ಎಲೆ ಬಾಯಿಗೆ ತುರುಕಿಕೊಂಡಳು. ಅವನೂ ತಾನೇ ತಿರುವಿಕೊಳ್ಳಲಿ ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಶಿರೀಷಾ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಹಾಸ್ಟೆಲಿನ ಬೀದಿ ಎಡಕ್ಕೆ. ಧರ್ಮೇಂದ್ರ ಬ್ಯಾಗು ಹೆಗಲಿಗೇರಿಸಿ, ಜೇಬಿನಿಂದ ಫಾರಂ ತೆಗೆದು, ನಿಂತ ಕಾಲಲ್ಲೇ ಸ್ವಲ್ಪ ಹೊತ್ತು ನೋಡಿದ. ಪೋಲಮ್ಮ ಬಾಯಲ್ಲಿದ್ದ ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳಿಕೊಂಡಳು. ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಬೋಂಡಾ ಗಾಡಿಯಲ್ಲಿ ಎರಡು ಬಿಸಿ ಬೋಂಡಾ ಕೊಂಡು, ಅದರಲ್ಲೇ ಇಟ್ಟು ಮಗಳ ಕೈಗೆ ಕೊಟ್ಟ.

“ಬ್ರಹ್ಮಸಮುದ್ರದ ಬಸ್ಸು ಹೊರಡ್ತದೆ, ಬಿರ್ನೆ ಹತ್ತವ್ವ,” ಅಂದ.

ಪೋಲಮ್ಮ ಎಲೆ ಉಗಿದು, ಬಾಯಿ ಮುಕ್ಕಳಿಸಿ, ಬಸ್ಸು ಹತ್ತಿದಳು.